ಅದು ನನ್ನ ಪ್ರಶ್ನೆ ಅಲ್ಲ ಮೇಡಂ

"ಗಾಳಿಗೆ ತೂಕ ಇದೆಯೇ?" ಎಂದು ಕೇಳಿದೆ. ನಾಲ್ಕನೇ ತರಗತಿಯ ಹುಡುಗಿಯರೆಲ್ಲ ನನ್ನ ಮುಖವನ್ನೇ ನೋಡುತ್ತ ಕುಳಿತರು. ಒಬ್ಬಳೂ ಬಾಯಿ ಬಿಡಲಿಲ್ಲ. ಹಿಂದಿನ ದಿನವಷ್ಟೇ ಇದೇ ಪಾಠವನ್ನು ಗಂಟಲು ಹರಿಯುವ ಹಾಗೆ ಮಾಡಿದ್ದೆ. ಇನ್ನೊಂದು ಸಲ ಕೇಳಿದೆ. ಕೊನೆಗೆ ಮುಂದಿನ ಸಾಲಿನ ವಕೀಲರ ಮಗಳು, ತರಗತಿಗೆಲ್ಲ ಜಾಣೆ ಎನಿಸಿಕೊಂಡವಳು, ನನ್ನ ಮೇಲೆ ಕನಿಕರಪಟ್ಟವಳಂತೆ ಎದ್ದು ನಿಂತಳು.

"ಅದು ನನ್ನ ಪ್ರಶ್ನೆ ಅಲ್ಲ ಮೇಡಂ. ಏಳನೇ ಪ್ರಶ್ನೆ. ಡಾಕ್ಟರ ಮಗಳದು. ಅವಳಿಗೆ ಮಂಗನಬಾವು ಬಂದಿದೆ, ಇನ್ನೂ ನಾಲ್ಕು ದಿನ ಬರಲ್ಲ."

"ಅವಳು ಬರೋ ತನಕ ಗಾಳಿಗೆ ತೂಕ ಇರಲ್ವೇನಮ್ಮಾ?" ಎಂದೆ.

ಅದಕ್ಕೂ ಯಾರೂ ನಗಲಿಲ್ಲ. ಅದೂ ಯಾರದೋ ಪ್ರಶ್ನೆ ಇರಬಹುದೆಂದು ಸುಮ್ಮನಿದ್ದರು.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿತ್ತು. ನಾನು ಆಗಷ್ಟೇ ಶಿಕ್ಷಕಿಯರ ತರಬೇತಿ ಮುಗಿಸಿ ಲಕ್ಷ್ಮೀಪುರಂನ ಹುಡುಗಿಯರ ಶಾಲೆಯೊಂದಕ್ಕೆ ಸೇರಿದ್ದೆ. ಆ ಶಾಲೆಯಲ್ಲಿ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ ಒಂದು ನೋಟ್‌ಬುಕ್ಕಿತ್ತು. ವಿಜ್ಞಾನಕ್ಕೆ ಸಂಬಂಧಿಸಿದ ನಲವತ್ತೆರಡು ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಮುಖ್ಯೋಪಾಧ್ಯಾಯಿನಿಯವರು ಮುತ್ತಿನಂಥ ಅಕ್ಷರದಲ್ಲಿ ಅದರಲ್ಲಿ ಬರೆದಿಟ್ಟಿದ್ದರು. ಪ್ರತಿ ವರ್ಷ ಬರುವ ಇನ್‌ಸ್ಪೆಕ್ಟರು ಅವುಗಳನ್ನು ಬಿಟ್ಟು ಬೇರೆ ಕೇಳಿದ್ದೇ ಇಲ್ಲವಂತೆ. ಒಂದೊಂದು ಪ್ರಶ್ನೆಯನ್ನು ಒಬ್ಬೊಬ್ಬ ಹುಡುಗಿಗೆ ಹಂಚಿಬಿಡುವುದು, ಅವಳು ಅದೊಂದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತೆ ಮಾಡುವುದು, ಇದು ಅಲ್ಲಿನ ಪದ್ಧತಿ. ಮುಖ್ಯೋಪಾಧ್ಯಾಯಿನಿಯವರ ಮನೆತನ ಹಿಂದಿನಿಂದ ಅರಮನೆಯ ಚಾಕರಿಯಲ್ಲಿದ್ದದ್ದು. ದರ್ಬಾರಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿದ ಹಾಗೆ ಯಾರು ಏನು ಹೇಳಬೇಕೆಂದು ಗೊತ್ತುಮಾಡುತ್ತಿದ್ದರು. ಕೆಟ್ಟವರಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ನಲವತ್ತೆರಡು ಪ್ರಶ್ನೆ, ಐವತ್ತು ಹುಡುಗಿಯರು. ಉಳಿದ ಎಂಟು ಜನಕ್ಕೆ ಇನ್‌ಸ್ಪೆಕ್ಟರು ಬರುವ ದಿನ ಹೊಟ್ಟೆನೋವು ಬರಬೇಕು. ಅಂದರೆ ಅವರು ಮನೆಯಲ್ಲೇ ಇರಬೇಕು. ಆ ಎಂಟರಲ್ಲಿ ಕೊನೆಯ ಸಾಲಿನ ಮಾಲಿಯ ಮಗಳೂ ಒಬ್ಬಳು. ಹೂಟಗಳ್ಳಿ ಕಡೆಯ ಹಳ್ಳಿಯಿಂದ ಬಂದ ಒಕ್ಕಲು ಕುಟುಂಬ. ಅಪ್ಪ ಹತ್ತಿರದ ಬಂಗಲೆಯೊಂದರಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ಹುಡುಗಿ ಹಕಾರ ನುಂಗಿ ಮಾತಾಡುತ್ತಾಳೆ, ಶಾಲೆಯ ಮರ್ಯಾದೆ ತೆಗೆಯುತ್ತಾಳೆ ಎಂದು ಅವಳಿಗೆ ಪ್ರಶ್ನೆ ಕೊಟ್ಟಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಆಗಲೇ ಒಂದು ಸಲ ಫೇಲಾಗಿದ್ದಳು. ಈ ಸಲ ಮೇಲಿನ ತರಗತಿಗೆ ಹೋಗುವವರ ಪಟ್ಟಿಯಲ್ಲೂ ಅವಳ ಹೆಸರು ಇರುವುದಿಲ್ಲವೆಂದು ಮುಖ್ಯೋಪಾಧ್ಯಾಯಿನಿಯವರು ಮೊದಲೇ ಹೇಳಿಬಿಟ್ಟಿದ್ದರು. ಅವಳಪ್ಪ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಈ ಕಿತವೂ ಫೇಲಾದ್ರೆ ಬುಡಿಸ್ಬುಡ್ತೀನಿ ಅಮ್ಮಾರೆ. ಮನೇಲಿ ಕೂಸ್ನಾದ್ರೂ ನೋಡ್ಕೊಂಡಿರ್ಲಿ. ಸುಮ್ಕೆ ಯಾಕೆ ಬೆಂಚು ಸವೆಸ್ಬೇಕು?" ಎಂದಿದ್ದ. ನಾನು ತಲೆಯಾಡಿಸಿ ಬಂದಿದ್ದೆ. ನನಗೂ ಆ ಹುಡುಗಿ ಮಂಕು ಎಂದೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಇನ್‌ಸ್ಪೆಕ್ಷನ್ನಿಗೆ ಐದು ವಾರವಿತ್ತು. ನನ್ನ ತರಬೇತಿಯ ಟಿಪ್ಪಣಿ ಪುಸ್ತಕದಲ್ಲಿ ಪ್ರಶ್ನೆ ಕೇಳುವ ಕಲೆಯ ಮೇಲೆ ಹನ್ನೆರಡು ಪುಟವಿತ್ತು. "ಹೌದು, ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೂಡದು. ಏಕೆ ಎಂದು ಕೇಳಿ, ಮಕ್ಕಳನ್ನು ಆಲೋಚನೆಗೆ ಹಚ್ಚಿ." ಹಚ್ಚೋಣವೆಂದು ಮಾರನೆಯ ದಿನ ಅಂಗಳದ ಹೊಂಗೆಮರದಿಂದ ಒಂದು ಎಲೆ ಕಿತ್ತು ತಂದು, ಎರಡನೇ ಸಾಲಿನ ಒಬ್ಬ ಪುಟ್ಟ ಹುಡುಗಿಯ ಮುಂದೆ ಹಿಡಿದು, "ಈ ಎಲೆ ಯಾಕೆ ಹಸಿರಾಗಿದೆ?" ಎಂದೆ.

ಅವಳು "ನಾನು ಕೀಳಲಿಲ್ಲ ಮೇಡಂ" ಎಂದು ಅಳುವುದಕ್ಕೇ ಶುರುಮಾಡಿದಳು.

ಆಮೇಲೆ ಗೊತ್ತಾಯಿತು. ಆ ಮಕ್ಕಳು ಹುಟ್ಟಿದಾಗಿನಿಂದ ದೊಡ್ಡವರ ಬಾಯಲ್ಲಿ ಯಾಕೆ ಎಂಬ ಮಾತು ಕೇಳಿದ್ದೆಲ್ಲ ಬೈಗುಳದ ಜೊತೆಗೇ. ಯಾಕೆ ತಡ, ಯಾಕೆ ಚೆಲ್ಲಿದೆ, ಯಾಕೆ ನಗ್ತೀಯ. ಆ ಪದ ಕಿವಿಗೆ ಬಿದ್ದೊಡನೆ ಅವರು ಉತ್ತರ ಹುಡುಕುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಟಿಪ್ಪಣಿಯ ಹನ್ನೆರಡು ಪುಟದಲ್ಲಿ ಎಲ್ಲಿಯೂ ಇದನ್ನು ಬರೆದಿರಲಿಲ್ಲ. ಬರೆಸಿದವರಿಗೆ ಐವತ್ತು ಹುಡುಗಿಯರ ಕೋಣೆಯಲ್ಲಿ ಒಂದು ದಿನ ನಿಂತು ಗೊತ್ತಿತ್ತೋ ಇಲ್ಲವೋ. ಒಂದು ವಾರ ಹೆಣಗಾಡಿ, ಬೇಸತ್ತು, ನಾನೂ ಕೆಂಪು ನೋಟ್‌ಬುಕ್ಕನ್ನೇ ಕೈಗೆತ್ತಿಕೊಂಡೆ.

ಹತ್ತೊಂಬತ್ತನೇ ಪ್ರಶ್ನೆ: "ಬೀಜ ಮೊಳೆಯಲು ಬೇಕಾದುವು ಯಾವುವು?" ಉತ್ತರ: "ನೀರು, ಗಾಳಿ, ಶಾಖ ಮತ್ತು ಸೂರ್ಯನ ಬೆಳಕು." ಪ್ರಶ್ನೆಯ ಒಡತಿ ವಕೀಲರ ಮಗಳು. ನಾನು ಹೇಳಿಕೊಟ್ಟೆ, ತರಗತಿಯೆಲ್ಲ ರಾಗವಾಗಿ ಒಪ್ಪಿಸಿತು. ಮೂರನೇ ಸಲ ಒಪ್ಪಿಸುವಾಗ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಮಾಲಿಯ ಮಗಳು. ಆ ವರ್ಷದಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು.

"ನಮ್ಮವ್ವ ಉರುಳಿಕಾಳ ನೆನೆಯಾಕಿ, ಬಟ್ಟೇಲಿ ಕಟ್ಟಿ, ಮಡಕೆಗಾಕಿ ಮುಚ್ಚಿ ಮಡಗ್ತದೆ ಮೇಡಂ. ಅದ್ರೊಳಗೆ ಬೆಳಕು ಎಲ್ಲಿಂದ ಬಂತು?"

ಎಲ್ಲರೂ ಗೊಳ್ಳೆಂದು ನಕ್ಕರು. ಉರುಳಿಕಾಳಿಗೆ ನಕ್ಕರೋ ಮಡಕೆಗೆ ನಕ್ಕರೋ. ನನಗೆ ತಲೆ ಕೆಟ್ಟಿತ್ತು. ಹೊತ್ತಾಗಿತ್ತು, ಇನ್ನೂ ಮೂರು ಪ್ರಶ್ನೆ ಉಳಿದಿತ್ತು. "ಅಡುಗೆಮನೆ ಮಾತು ಇಲ್ಲಿ ಬೇಡ. ಪುಸ್ತಕದಲ್ಲಿ ಇರೋದನ್ನ ಹೇಳು" ಎಂದು ಗದರಿ ಅವಳನ್ನು ಗಂಟೆ ಹೊಡೆಯುವ ತನಕ ನಿಲ್ಲಿಸಿದೆ. ಅವಳು ನಿಂತಳು. ಅವಳು ಅಳಲಿಲ್ಲ, ಕಣ್ಣು ಸಣ್ಣಗೆ ಮಾಡಿಕೊಂಡು ಬೋರ್ಡನ್ನೇ ನೋಡುತ್ತಿದ್ದಳು.

ಸಂಜೆ ಮನೆಗೆ ಬಂದೆ. ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ, ಹಿಂದಿನ ದಿನ ನಾನೇ ಕಟ್ಟಿಟ್ಟಿದ್ದ ಹೆಸರುಕಾಳಿನ ಗಂಟನ್ನು ಹಿತ್ತಾಳೆ ಪಾತ್ರೆಯಿಂದ ತೆಗೆದೆ. ಮೇಲೆ ಭಾರದ ಮುಚ್ಚಳ, ಅದರ ಮೇಲೆ ಕಲ್ಲು. ಗಂಟು ಬಿಚ್ಚಿದರೆ ಒಂದೊಂದು ಕಾಳಿಗೂ ಅರ್ಧ ಬೆರಳುದ್ದ ಮೊಳಕೆ. ಉಸಲಿಗೆಂದು ವಾರ ವಾರ ಹೀಗೆ ಕಟ್ಟುತ್ತ ಬಂದವಳು ನಾನು. ಕಾಳು ಕತ್ತಲಲ್ಲಿ ಮೊಳೆಯುವುದನ್ನು ನೂರಾರು ಸಲ ನನ್ನ ಕೈಯಿಂದಲೇ ಬಿಚ್ಚಿ ನೋಡಿ, ಶಾಲೆಗೆ ಹೋಗಿ ಬೆಳಕು ಬೇಕು ಎಂದು ಬರೆಸಿ, ಬೇಡ ಎಂದ ಮಗುವನ್ನು ನಿಲ್ಲಿಸಿ ಬಂದಿದ್ದೆ. ಅಮ್ಮನಿಗೆ ಹೇಳಿದೆ.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಮುಸುರೇಲಿ ಬಿತ್ತಂತೆ" ಎಂದರು ಅಮ್ಮ. "ಒಗ್ಗರಣೆಗೆ ಕಾಯಿ ತುರಿ. ಆಮೇಲೆ ಕೊರಗೀಯಂತೆ."

ಮಾರನೆಯ ದಿನ ಆ ಹುಡುಗಿಯನ್ನು ಎಬ್ಬಿಸಿ, ಎಲ್ಲರ ಎದುರಿಗೆ, "ನಿನ್ನೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ಉತ್ತರ ಗೊತ್ತಿಲ್ಲದೆ ಬೈದೆ" ಎಂದೆ. ತರಗತಿ ಹೌಹಾರಿತು. ಆಮೇಲೆ ಕೇಳಿದೆ: "ಬೆಳಕು ಬೇಕೋ ಬೇಡವೋ, ನಾವೇ ನೋಡಬೇಕು ಅಂದ್ರೆ ಏನು ಮಾಡೋಣ?"

"ಹೌದು ಮೇಡಂ!" ಎಂದಿತು ಇಡೀ ಕೋಣೆ.

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ನಿಯಮ ಮಾಡಿದೆ. ಪ್ರಶ್ನೆ ಕೇಳಿದ ಮೇಲೆ ಯಾರೂ ಬಾಯಿ ಬಿಡಕೂಡದು. ನಾನು ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಸ್ಲೇಟಿನಲ್ಲಿ ಬರೆದೋ ಚಿತ್ರ ಬಿಡಿಸಿಯೋ ಮಗುಚಿ ಇಡಬೇಕು. ನಾನು ಹೇಳಿದಾಗ ಎಲ್ಲ ಸ್ಲೇಟೂ ಒಟ್ಟಿಗೆ ಮೇಲೇಳಬೇಕು. ಹೇಳುವುದು ಸುಲಭ. ಹತ್ತು ಎಣಿಸುವ ತನಕ ಸುಮ್ಮನಿರುವುದು ನನಗೇ ಆಗುತ್ತಿರಲಿಲ್ಲ. ಮೂರಕ್ಕೆ ಬರುವಷ್ಟರಲ್ಲಿ ಅರ್ಧ ಉತ್ತರ ನನ್ನ ಬಾಯಿಂದ ಜಾರಿ, ಉಳಿದರ್ಧವನ್ನು ಅವರು ಹಾಡಿಬಿಡುತ್ತಿದ್ದರು. ನಾಲ್ಕು ದಿನ ಬೇಕಾಯಿತು, ನನ್ನ ಬಾಯಿಗೆ ಬೀಗ ಹಾಕುವುದಕ್ಕೆ.

ಐದನೇ ದಿನ ಸ್ಲೇಟುಗಳು ಎದ್ದಾಗ ನಾಲ್ಕೈದು ಜನ ಎರಡೆರಡು ಕುಡಿಕೆ ಬರೆದಿದ್ದರು. ಒಂದು ಕಿಟಕಿಯಲ್ಲಿ, ಒಂದು ಪೆಟ್ಟಿಗೆಯಲ್ಲಿ. ಹೇಗೆ ಎಂದು ಅವರವರಲ್ಲೇ ಚರ್ಚೆಯಾಯಿತು. "ಎರಡಕ್ಕೂ ಅಷ್ಟಷ್ಟೇ ನೀರು ಹಾಕ್ಬೇಕು, ಇಲ್ದಿದ್ರೆ ಮೋಸ" ಎಂದಳು ವಕೀಲರ ಮಗಳು. "ಕಾಳೂ ಹತ್ತತ್ತೇ ಇರ್ಬೇಕು" ಎಂದಳು ಇನ್ನೊಬ್ಬಳು. ಕತ್ತಲಿಗೆ ಎಲ್ಲಿಗೆ ಹೋಗುವುದು? ಶಾಲೆಯಲ್ಲಿ ಬೆಳಕು ತೂರದ ಜಾಗವೆಂದರೆ ಭೂಪಟಗಳನ್ನಿಡುವ ಮರದ ಬೀರು ಒಂದೇ. ಅದರ ಬೀಗದ ಕೈ ಇದ್ದದ್ದು ಮುಖ್ಯೋಪಾಧ್ಯಾಯಿನಿಯವರ ಸೊಂಟದಲ್ಲಿ.

"ಇನ್ನು ಮೂರು ವಾರಕ್ಕೆ ಇನ್‌ಸ್ಪೆಕ್ಟರು ಬರ್ತಾರೆ, ನೀವು ಕಾಳು ಕಟ್ಕೊಂಡು ಕೂತಿದೀರಲ್ಲಮ್ಮ!" ಎಂದರು ಅವರು. "ಇದು ಸ್ಕೂಲೋ ಸಂತೆ ಮಾಳವೋ? ಭೂಪಟಕ್ಕೆ ಗೆದ್ದಲು ಹಿಡಿದ್ರೆ ಯಾರು ಜವಾಬ್ದಾರಿ?"

ನಾನೇ ಜವಾಬ್ದಾರಿ ಎಂದೆ. ಕೀಲಿಯನ್ನು ಮಾತ್ರ ಅವರು ಕೈಬಿಡಲಿಲ್ಲ. ದಿನಕ್ಕೊಂದು ಸಲ ತಾವೇ ಬಂದು ಬೀರು ತೆಗೆದು, ನೀರು ಹಾಕುವ ತನಕ ಮೂಗು ಮುರಿಯುತ್ತ ನಿಂತಿದ್ದು, ಮುಚ್ಚಿಕೊಂಡು ಹೋಗುತ್ತಿದ್ದರು.

ಮೊದಲನೇ ಸಲ ಎರಡು ಕುಡಿಕೆಯೂ ಕೊಳೆತು ನಾರಿದವು. ಕಾಳಿನ ಮೇಲಿನ ಪ್ರೀತಿಗೆ ಹೋಗಿಬಂದ ಹುಡುಗಿಯರೆಲ್ಲ ಕಿಟಕಿಯ ಕುಡಿಕೆಗೆ ನೀರು ಹೊಯ್ದಿದ್ದರು. ನ್ಯಾಯ ಸಮವಾಗಿರಲೆಂದು ಬೀರು ತೆಗೆದಾಗ ಅದಕ್ಕೂ ಅಷ್ಟೇ ಸುರಿದಿದ್ದರು. ಎರಡನೇ ಸಲ ಕಸ ಗುಡಿಸುವ ಆಯಾ, ಯಾರೋ ತಿಂದು ಬಿಟ್ಟ ಕಾಳೆಂದು ಕಿಟಕಿಯದನ್ನು ಎಸೆದುಬಿಟ್ಟಳು. ನಾನು ಅವಳ ಮೇಲೆ ರೇಗಿದೆ. ಅವಳು, "ಸ್ಕೂಲಲ್ಲಿ ಕಾಳು ಯಾಕಿಟ್ಕೊಂಡಿದ್ರಿ ಮತ್ತೆ?" ಎಂದು ನನ್ನ ಮೇಲೇ ರೇಗಿದಳು. ಅವಳು ಕೇಳಿದ ರೀತಿಗೆ, ನಾನು ಕೀಳಲಿಲ್ಲ ಎನ್ನುವ ಹಾಗಾಯಿತು ನನಗೂ.

ಮೂರನೇ ಸಲ ನೀರು ಹಾಕುವ ಕೆಲಸ ಇಬ್ಬರೇ ಇಬ್ಬರಿಗೆ, ದಿನಕ್ಕೆ ಕುಡಿಕೆಗೆ ಒಂದೊಂದೇ ಚಮಚ ಎಂದು ಕಟ್ಟುನಿಟ್ಟು ಮಾಡಿದೆ. ಒಬ್ಬಳು ವಕೀಲರ ಮಗಳು, ಒಬ್ಬಳು ಮಾಲಿಯ ಮಗಳು. ಆ ವಾರ ನಾನು ಕೇಳಿದ್ದು ಎರಡೇ ಪ್ರಶ್ನೆ: "ಇವತ್ತು ಏನು ಕಂಡಿತು?" ಮತ್ತು "ನಿನಗೆ ಹೇಗೆ ಗೊತ್ತು?" ಯಾಕೆ ಎಂಬುದನ್ನು ನಾಲಗೆಯಿಂದ ಕಿತ್ತುಹಾಕಿದ್ದೆ. ಮಾಲಿಯ ಮಗಳ ಸ್ಲೇಟಿನಲ್ಲಿ ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಆದರೆ ಎರಡು ಕುಡಿಕೆಯ ಹತ್ತು ಹತ್ತು ಕಾಳನ್ನೂ ಬೇರೆ ಬೇರೆಯಾಗಿ ಬರೆದಿದ್ದಳು. ಮೊಳೆಯದೆ ಉಳಿದ ಒಂದು ಕಾಳನ್ನೂ ಬಿಟ್ಟಿರಲಿಲ್ಲ. ತರಗತಿಯ ಬೇರೆ ಯಾರೂ ಅದನ್ನು ಬರೆದಿರಲಿಲ್ಲ. ಈ ಹುಡುಗಿಯನ್ನೇ ನಾನು ಮಂಕು ಎಂದುಕೊಂಡಿದ್ದೆ.

ಆರನೇ ದಿನಕ್ಕೆ ಬೀರುವಿನ ಕಾಳು ಕಿಟಕಿಯದಕ್ಕಿಂತ ಉದ್ದ ಬೆಳೆದಿತ್ತು. ಆದರೆ ಬೆಳ್ಳಗೆ, ಹಳದಿಗೆ ತಿರುಗಿ ಬಾಗಿತ್ತು. ಕಿಟಕಿಯದು ಗಿಡ್ಡ, ಹಸಿರು. ಬೀರು ತೆಗೆದು ಹಿಡಿದಿದ್ದ ಮುಖ್ಯೋಪಾಧ್ಯಾಯಿನಿಯವರು ಅಂದು ಬೇಗ ಮುಚ್ಚಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇದೇನೋ ಕಾಯಿಲೆ" ಎಂದು ಬೀಗ ಹಾಕಿದರು.

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಅವರು ಎಂಟು ಜನರನ್ನು ಕರೆದು, ನಾಳೆ ರಜೆ ಎಂದು ಹೇಳಿ ಕಳಿಸಿದರು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ. ಸೇರಿ ಒಂದು ವರ್ಷ ತುಂಬಿರಲಿಲ್ಲ. ಮೇಲಿನವರ ಮಾತು ಮೀರಿದರೆ ನಾಳೆಯಿಂದ ಈ ಕಟ್ಟಡದಲ್ಲಿ ನನ್ನ ಬಾಳು ಮೂರಾಬಟ್ಟೆ. ಆದರೆ ಮಾಲಿಯ ಮಗಳು ನಾಳೆ ಮನೆಯಲ್ಲಿದ್ದರೆ ಮೇಲಿನ ತರಗತಿಯ ಪಟ್ಟಿಯಲ್ಲಿ ಅವಳಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ಅವಳ ಕಂಕುಳಲ್ಲಿ ತಮ್ಮನಿರುತ್ತಾನೆ. ಎದ್ದು ಬಂಗಲೆಯ ಹಿತ್ತಿಲಿಗೆ ಹೋಗಿ, ಗುಲಾಬಿ ಪಾತಿ ಮಾಡುತ್ತಿದ್ದ ಅವಳಪ್ಪನಿಗೆ, "ನಾಳೆ ಅವಳನ್ನ ಕಳಿಸಿ. ಯಾರು ಬೇಡ ಅಂದ್ರೂ ಕಳಿಸಿ" ಎಂದು ಹೇಳಿ ಬಂದೆ.

ಇನ್‌ಸ್ಪೆಕ್ಟರು ಪೇಟ, ಕೋಟು, ಕೈಯಲ್ಲೊಂದು ಬೆತ್ತದ ಕೋಲಿನೊಂದಿಗೆ ಹನ್ನೊಂದಕ್ಕೆ ಬಂದರು. ಕೊನೆಯ ಸಾಲಿನಲ್ಲಿ ಮಾಲಿಯ ಮಗಳನ್ನು ಕಂಡು ಮುಖ್ಯೋಪಾಧ್ಯಾಯಿನಿಯವರ ಮುಖ ಕೆಂಡವಾಯಿತು. ಮೊದಲ ಹತ್ತು ಪ್ರಶ್ನೆ ಸಲೀಸಾಗಿ ಹೋದವು, ಡಾಕ್ಟರ ಮಗಳೂ ಕೆನ್ನೆ ಇಳಿಸಿಕೊಂಡು ಬಂದಿದ್ದಳು. ಆಮೇಲೆ ಬಂತು ಹತ್ತೊಂಬತ್ತನೆಯದು. "ಬೀಜ ಮೊಳೆಯಲು ಬೇಕಾದುವು ಯಾವುವು?"

ವಕೀಲರ ಮಗಳು ಎದ್ದಳು. "ನೀರು, ಗಾಳಿ, ಶಾಖ..." ಅಲ್ಲಿಗೆ ನಿಂತಳು.

"ಯಾಕಮ್ಮ ನಿಲ್ಲಿಸ್ಬಿಟ್ಟೆ? ಇನ್ನೊಂದಿದೆಯಲ್ಲ."

ಅವರ ಬೆನ್ನ ಹಿಂದೆ ಮುಖ್ಯೋಪಾಧ್ಯಾಯಿನಿಯವರ ತುಟಿ ಬೆಳಕು, ಬೆಳಕು ಎಂದು ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಹುಡುಗಿ ನನ್ನತ್ತ ನೋಡಿದಳು. ಒಂದು ಕಣ್ಸನ್ನೆ ಸಾಕಿತ್ತು. ನಾನು ನೆಲ ನೋಡುತ್ತ ಎಣಿಸತೊಡಗಿದೆ. ಒಂದು, ಎರಡು, ಮೂರು. ಅಷ್ಟು ಉದ್ದದ ಹತ್ತನ್ನು ನಾನು ಮತ್ತೆಂದೂ ಎಣಿಸಿಲ್ಲ.

"ಇನ್ನೊಂದು ಪುಸ್ತಕದಲ್ಲಿದೆ ಸಾರ್" ಎಂದಳು ಅವಳು. "ಬೀರೂನಲ್ಲಿ ಇಲ್ಲ."

ಇನ್‌ಸ್ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಕೇಳಬೇಕಾದವಳು ಹಿಂದಿದ್ದಾಳೆ ಎಂದು ನಾನು ಮಾಲಿಯ ಮಗಳನ್ನು ಕರೆದೆ. ಮುಖ್ಯೋಪಾಧ್ಯಾಯಿನಿಯವರು ಬೇರೆ ದಾರಿಯಿಲ್ಲದೆ ಬೀರು ತೆಗೆದರು. ಹುಡುಗಿ ಎರಡೂ ಕುಡಿಕೆಯನ್ನು ತಂದು ಮೇಜಿನ ಮೇಲಿಟ್ಟು, ಎಷ್ಟು ಕಾಳು, ಎಷ್ಟು ಚಮಚ, ಎಷ್ಟು ದಿನ ಎಲ್ಲವನ್ನೂ ಹೇಳಿದಳು. ಹಕಾರ ಒಂದೂ ಇರಲಿಲ್ಲ, ತಪ್ಪೂ ಒಂದಿರಲಿಲ್ಲ.

"ಹಾಗಾದ್ರೆ ಪುಸ್ತಕದಲ್ಲಿ ಬೆಳಕು ಅಂತ ಬರ್ದಿದಾರಲ್ಲ?" ಎಂದರು ಇನ್‌ಸ್ಪೆಕ್ಟರು.

"ಬರ್ದೋರು ಕಾಳು ಕಟ್ಟಿಲ್ವೇನೋ ಸಾ."

ಯಾರೋ ಕಿಸಕ್ಕೆಂದರು. ಅವರು ಹುಬ್ಬು ಗಂಟಿಕ್ಕಿ ಕೋಲಿನ ತುದಿಯಿಂದ ಬೀರುವಿನ ಕುಡಿಕೆಯನ್ನು ತೋರಿಸಿದರು. "ಇದು ಯಾಕೆ ಹಳದಿ?"

ಯಾಕೆ! ಹುಡುಗಿಯ ಭುಜ ಒಂದಿಷ್ಟು ಕುಗ್ಗಿತು. ಆಮೇಲೆ ಅವಳೂ ಸುಮ್ಮನೆ ನಿಂತಳು, ನಾನು ಎಣಿಸುವ ಹಾಗೆಯೇ.

"ಯಾಕೆ ಅಂತ ಗೊತ್ತಿಲ್ಲ ಸಾ. ಅದ್ನೂ ಕಿಟಕೀಲಿ ಮಡಗಿದ್ರೆ ಅಸ್ರಾಯ್ತದಾ ಅಂತ ನಾಳೀಕೆ ನೋಡ್ಮ ಅಂತಿದ್ದೋ."

ಇನ್‌ಸ್ಪೆಕ್ಟರು ಅವಳನ್ನೊಮ್ಮೆ, ಕುಡಿಕೆಯನ್ನೊಮ್ಮೆ ನೋಡಿದರು. ಮುಖ್ಯೋಪಾಧ್ಯಾಯಿನಿಯವರತ್ತ ತಿರುಗಿ, "ಯಾರಿದು?" ಎಂದರು.

"ನಮ್ಮ ಸ್ಕೂಲಿನ ಹುಡುಗಿ ಸಾರ್" ಎಂದರು ಅವರು, ತಲೆ ಎತ್ತಿ. ಹಿಂದಿನ ದಿನ ತಾವೇ ರಜೆ ಕೊಟ್ಟು ಕಳಿಸಿದ್ದ ಹುಡುಗಿಯ ಬಗ್ಗೆ ಆಡಿದ ಮಾತು ಅದು. ನನಗೆ ನಗಬೇಕೋ ಜಗಳ ಆಡಬೇಕೋ ತಿಳಿಯಲಿಲ್ಲ.

ತಪಾಸಣೆಯ ಪುಸ್ತಕದಲ್ಲಿ ಇನ್‌ಸ್ಪೆಕ್ಟರು ಬರೆದದ್ದು ಇಷ್ಟೇ: "ವಿಜ್ಞಾನದ ಉತ್ತರಗಳು ಪಠ್ಯವನ್ನು ಬಿಟ್ಟು ಆಚೀಚೆ ಹೋಗುತ್ತವೆ. ಶಿಕ್ಷಕಿ ತರಗತಿಯ ಶಿಸ್ತಿನ ಕಡೆ ಗಮನ ಕೊಡಬೇಕು." ಓದಿ ನನಗೆ ಉರಿದುಹೋಯಿತು. ಅವರ ಕಾರು ಗೇಟು ದಾಟಿದ ಮೇಲೆ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು ಬಾಗಿಲು ಹಾಕಿ, ಕಾಲು ಗಂಟೆ ಬೈದರು. ಹಿರಿಯರ ಮಾತು, ಶಾಲೆಯ ಮಾನ, ನನ್ನ ವಯಸ್ಸು ಎಲ್ಲವೂ ಬಂದವು. ಬೈದು ಮುಗಿಸಿ, ಪಟ್ಟಿಯನ್ನು ಮುಂದಕ್ಕೆಳೆದುಕೊಂಡು, ಕೊನೆಯ ಹೆಸರಿನ ಕೆಳಗೆ ಮಾಲಿಯ ಮಗಳ ಹೆಸರನ್ನು ಬರೆದರು. ಆಮೇಲೆ ಕೆಂಪು ನೋಟ್‌ಬುಕ್ಕು ತೆಗೆದು, ಹತ್ತೊಂಬತ್ತನೇ ಉತ್ತರದಲ್ಲಿ ಸೂರ್ಯನ ಬೆಳಕಿಗೆ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದರು.

"ಹೋಗಿ ಇನ್ನು" ಎಂದರು.

ಜೂನ್ ತಿಂಗಳಲ್ಲಿ ಹೊಸ ನಾಲ್ಕನೇ ತರಗತಿ ಬಂತು. ಹೊಸ ಐವತ್ತೆರಡು ಮುಖಗಳು. ಎರಡನೇ ವಾರವೇ ಕುಡಿಕೆ, ಕಾಳು ಎಲ್ಲ ಜೋಡಿಸಿಕೊಂಡು, ಹುರುಪಿನಿಂದ, "ಬೀಜ ಮೊಳೆಯೋಕೆ ಏನೇನು ಬೇಕು ಅಂತೀರಿ?" ಎಂದೆ. ಹತ್ತು ಎಣಿಸಲು ಒಂದು ಎನ್ನುವಷ್ಟರಲ್ಲಿ ಕೋಣೆ ರಾಗವೆಳೆಯಿತು.

"ನೀರು, ಗಾಳಿ, ಶಾಖ ಮೇಡಂ! ಬೆಳಕು ಬೇಡ ಮೇಡಂ!"

ಮುಖ್ಯೋಪಾಧ್ಯಾಯಿನಿಯವರು ರಜೆಗೆ ಮೊದಲೇ, ಮಕ್ಕಳು ಮೂರನೇ ತರಗತಿಯಲ್ಲಿದ್ದಾಗಲೇ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದ್ದರು. ಕೈಯಲ್ಲಿದ್ದ ಕುಡಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ. ಇಷ್ಟೆಲ್ಲ ಮಾಡಿ ನಾನು ಸಾಧಿಸಿದ್ದು ಒಂದು ಗಿಳಿಪಾಠದ ಜಾಗಕ್ಕೆ ಇನ್ನೊಂದು ಗಿಳಿಪಾಠ. ಕುರ್ಚಿಯಲ್ಲಿ ಕುಸಿದು, ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟೆ. ಮಕ್ಕಳು, ತಾವು ಸರಿಯಾಗಿ ಹೇಳಿದರೂ ಮೇಡಂ ಹೀಗೇಕೆ ಎಂದು ಪಿಳಿಪಿಳಿ ನೋಡುತ್ತಿದ್ದರು.

ಐದನೇ ತರಗತಿ ನಮ್ಮ ಕೋಣೆಯ ಆಚೆ ಬದಿಗಿತ್ತು. ನೀರು ಕುಡಿಯಲು ಹೊರಟವಳೊಬ್ಬಳು ಜಗಲಿಯಲ್ಲಿ ಆ ರಾಗ ಕೇಳಿ ನಿಂತಿರಬೇಕು. ಕಿಟಕಿಯ ಕಂಬಿಗಳ ನಡುವೆ ಒಂದು ಮುಖ ತೂರಿತು. ಮಾಲಿಯ ಮಗಳು. ನನ್ನನ್ನು ನೋಡಿ, ಮಕ್ಕಳನ್ನು ನೋಡಿ, ಅವಳಿಗೆ ತಡೆಯಲಾಗಲಿಲ್ಲ.

"ಎಂಗೆ ಗೊತ್ತು ಅಂತ ಕೇಳಿ ಮೇಡಂ" ಎಂದಳು.

ನಾನು ಎದ್ದು ನಿಂತು, ಕೇಳಿದೆ.